ಬೆರಳಿಗೂ ಒಂದು ಜ್ಞಾಪಕ

ಅಡುಗೆಮನೆಯ ಒಗ್ಗರಣೆ ಡಬ್ಬಿಯನ್ನು ಅಂಗಡಿಯವನು ಜೋಡಿಸಿಕೊಡುವುದಿಲ್ಲ. ಸಾಸಿವೆ ಯಾವ ಬಟ್ಟಲಿನಲ್ಲಿರಬೇಕು, ಜೀರಿಗೆ ಎಷ್ಟು ದೂರವಿರಬೇಕು, ಇಂಗಿಗೆ ಯಾವ ಮೂಲೆ ಎಂಬುದನ್ನೆಲ್ಲ ಗೃಹಿಣಿಯ ಕೈಯೇ ತೀರ್ಮಾನಿಸುತ್ತದೆ. ಎಣ್ಣೆ ಕಾದ ಮೇಲೆ ಹುಡುಕುತ್ತ ನಿಲ್ಲಲು ಅವಕಾಶವೆಲ್ಲಿ? ದೀಪ ಆರಿಹೋದರೂ ಆ ಕೈ ತಪ್ಪುವುದಿಲ್ಲ. ಆದರೆ ನಾಲ್ಕು ದಿನದ ಮಟ್ಟಿಗೆ ಬಂದ ನಾದಿನಿ ಅದೇ ಒಲೆಯ ಮುಂದೆ ನಿಂತರೆ, ಸಾಸಿವೆಗಾಗಿ ನಾಲ್ಕು ಡಬ್ಬಿಗಳ ಮುಚ್ಚಳ ತೆಗೆಯಬೇಕಾಗುತ್ತದೆ. ಕೈಗೆ ಒಗ್ಗಿಸಿಕೊಂಡ ಏರ್ಪಾಟಿನ ಲಾಭವೂ ನಷ್ಟವೂ ಇಷ್ಟರಲ್ಲಿಯೇ ಅಡಗಿವೆ. ಗಣಕಯಂತ್ರದೊಡನೆ ದಿನವಿಡೀ ದುಡಿಯುವವರ ಕೀಲಿಮಣೆಗೂ ಇದೇ ನ್ಯಾಯ ಸಲ್ಲುತ್ತದೆ.

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಗನೋ ಸೊಸೆಯೋ ರಾತ್ರಿ ಹೊತ್ತು ಒಂದು ಕಪ್ಪು ತೆರೆಯ ಮುಂದೆ ಕುಳಿತು ಅಕ್ಷರಗಳನ್ನು ಒತ್ತುತ್ತಿರುವ ದೃಶ್ಯ ಹಿರಿಯರಿಗೆ ಪರಿಚಿತವಾದುದೇ. ಅದರಲ್ಲಿ ಚಿತ್ರವಿಲ್ಲ, ಅಲಂಕಾರವಿಲ್ಲ; ಸಾಲುಸಾಲಾಗಿ ಅಕ್ಷರಗಳು ಮಾತ್ರ. ಇದಕ್ಕೆ ಟರ್ಮಿನಲ್ ಎಂದು ಹೆಸರು. ಹಿಂದೆ ಇದು ಮೇಜಿನ ಮೇಲೆ ಕೂರುವ ಬೇರೆಯೇ ಒಂದು ಉಪಕರಣವಾಗಿತ್ತು. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ಹೊರತಂದ ವಿ.ಟಿ. 100 ಎಂಬುದು ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಅದರ ತೆರೆಯ ಮೇಲೆ 24 ಸಾಲು, ಸಾಲಿಗೆ 80 ಅಕ್ಷರ. ಆ ಉಪಕರಣ ಮರೆಯಾಯಿತು. ಆದರೆ ಅದರ ನೆರಳು ಇಂದಿನ ಗಣಕಯಂತ್ರಗಳೊಳಗೆ ಒಂದು ಕಿಟಕಿಯಾಗಿ ಉಳಿದುಕೊಂಡಿದೆ. ಎಲ್ಲೋ ದೂರದಲ್ಲಿರುವ ದೊಡ್ಡ ಯಂತ್ರಗಳಿಗೆ ಅಪ್ಪಣೆ ಕೊಡಬೇಕಾದವರು ಇಂದಿಗೂ ಈ ಕಿಟಕಿಯನ್ನೇ ನೆಚ್ಚಿದ್ದಾರೆ.

ಈ ಕೆಲಸದಲ್ಲಿ ಒಂದು ಹಳೆಯ ಸಂಕಟವುಂಟು. ಬಸವನಗುಡಿಯ ಮನೆಯಲ್ಲಿ ಕುಳಿತ ಎಂಜಿನಿಯರ್ ಒಬ್ಬರು ಸಿಂಗಪುರದ ಯಂತ್ರವೊಂದರಲ್ಲಿ ಆರು ಗಂಟೆ ಹಿಡಿಯುವ ಕೆಲಸವನ್ನು ಹೂಡಿದ್ದಾರೆಂದು ಭಾವಿಸಬಹುದು. ಐದನೆಯ ಗಂಟೆಗೆ ಮನೆಯಲ್ಲಿ ಕರೆಂಟು ಹೋಯಿತು, ಸಂಪರ್ಕ ಕಡಿಯಿತು. ಆಗ ದೂರದ ಯಂತ್ರವು ಓಡುತ್ತಿರುವ ಕೆಲಸಕ್ಕೆ ‘ಹ್ಯಾಂಗಪ್’ ಎಂಬ ಸಂಕೇತವನ್ನು ಕಳಿಸುತ್ತದೆ. ದೂರವಾಣಿಯ ತಂತಿಯ ಮೂಲಕ ಯಂತ್ರಗಳು ಮಾತನಾಡುತ್ತಿದ್ದ ಕಾಲದ ಹೆಸರಿದು. ಆಚೆಯವರು ಫೋನು ಕೆಳಗಿಟ್ಟರು ಎಂದು ಅರ್ಥ. ಒಡೆಯನೇ ಎದ್ದುಹೋದ ಮೇಲೆ ಆಳಿಗೇನು ಕೆಲಸವೆಂಬಂತೆ, ಬೇರೆ ಏರ್ಪಾಟಿಲ್ಲದ ಕಾರ್ಯಕ್ರಮ ಅಲ್ಲಿಗೇ ನಿಂತುಬಿಡುತ್ತದೆ. ಐದು ಗಂಟೆಯ ದುಡಿಮೆ ನೀರುಪಾಲು.

ಇದಕ್ಕೆ ಕಂಡುಕೊಂಡ ಪರಿಹಾರವೇ ಟರ್ಮಿನಲ್ ಮಲ್ಟಿಪ್ಲೆಕ್ಸರ್. ಒಂದು ತೆರೆಯನ್ನು ಹಲವಾಗಿಸುವ ತಂತ್ರಾಂಶ ಎಂದು ಇದರ ಅರ್ಥ. ಇದು ದೂರದ ಯಂತ್ರದಲ್ಲಿಯೇ ವಾಸಿಸುತ್ತದೆ. ಕೆಲಸಗಳೆಲ್ಲ ಇದರ ಆಶ್ರಯದಲ್ಲಿ ನಡೆಯುವುದರಿಂದ, ಎಂಜಿನಿಯರರ ಸಂಪರ್ಕ ಕಡಿದರೂ ಅವುಗಳಿಗೆ ಸುದ್ದಿ ಮುಟ್ಟುವುದಿಲ್ಲ. ಕರೆಂಟು ಬಂದ ಮೇಲೆ ಮರಳಿ ಸೇರಿಕೊಂಡರೆ ಎಲ್ಲವೂ ಇದ್ದಲ್ಲಿಯೇ ಇರುತ್ತದೆ. ದೂರದ ಯಂತ್ರವೇ ನಿಂತುಹೋದರೆ ಮಾತ್ರ ಈ ರಕ್ಷಣೆಯಿಲ್ಲ. ಇದರ ಎರಡನೆಯ ಉಪಕಾರವೆಂದರೆ ತೆರೆಯ ವಿಭಜನೆ. ಹಳೆಯ ಮನೆಗಳ ಅಂಕಣಗಳಂತೆ ಒಂದೇ ಕಿಟಕಿಯನ್ನು ಎರಡು ಮೂರು ಅಂಕಣಗಳಾಗಿ ಭಾಗಿಸಿ, ಒಂದರಲ್ಲಿ ಬರೆಯುತ್ತ, ಇನ್ನೊಂದರಲ್ಲಿ ಯಂತ್ರದ ದಿನಚರಿಯನ್ನು ನೋಡುತ್ತ ಇರಬಹುದು.

ಇವುಗಳಲ್ಲಿ ಹಿರಿಯದು ‘ಸ್ಕ್ರೀನ್’. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ಆಲಿವರ್ ಲೌಮನ್ ಮತ್ತು ಕಾರ್ಸ್ಟನ್ ಬೋರ್ಮನ್ ಎಂಬವರು 1987ರಲ್ಲಿ ಇದನ್ನು ರಚಿಸಿದರು. ಇಪ್ಪತ್ತು ವರ್ಷಗಳ ತರುವಾಯ, 2007ರಲ್ಲಿ, ನಿಕೋಲಸ್ ಮ್ಯಾರಿಯಟ್ ಎಂಬವರು ‘ಟೀಮಕ್ಸ್’ ಎಂಬ ಇನ್ನೊಂದನ್ನು ಹೊರತಂದರು. 2009ರಲ್ಲಿ ಓಪನ್ ಬಿ.ಎಸ್.ಡಿ. ಎಂಬ ಕಾರ್ಯಾಚರಣ ವ್ಯವಸ್ಥೆ ಅದನ್ನು ತನ್ನ ಮೂಲ ಭಾಗವಾಗಿಯೇ ಸ್ವೀಕರಿಸಿತು. ಇಂದು ಹೆಚ್ಚಿನವರ ಬಳಕೆಯಲ್ಲಿರುವುದು ಇದೇ.

ಈ ತಂತ್ರಾಂಶಕ್ಕೆ ಅಪ್ಪಣೆ ಕೊಡುವುದು ಹೇಗೆ? ಒತ್ತಿದ ಅಕ್ಷರವೆಲ್ಲ ಒಳಗಿನ ಕಾರ್ಯಕ್ರಮಕ್ಕೆ ಹೋಗಬೇಕಾದುದು ಸರಿಯಷ್ಟೆ. ನಡುವೆ ಟೀಮಕ್ಸನ್ನೇ ಉದ್ದೇಶಿಸಿ ಮಾತನಾಡಬೇಕಾದರೆ ಮೊದಲೊಂದು ಮುನ್ಸೂಚನೆ ಬೇಕು. ನುಡಿ ತಂತ್ರಾಂಶದಲ್ಲಿ ಕನ್ನಡ ಬರೆಯುವವರಿಗೆ ಈ ಉಪಾಯ ಹೊಸದಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕೀಲಿಮಣೆಯಲ್ಲಿ ಇಂಗ್ಲಿಷಿನ ಎಫ್ ಕೀಲಿಗೆ ತನ್ನದೇ ಆದ ಅಕ್ಷರವಿಲ್ಲ. ಅದನ್ನೊತ್ತಿದ ಮೇಲೆ ಬರುವ ವ್ಯಂಜನ ಒತ್ತಾಗಿ ಕೆಳಗಿಳಿಯುತ್ತದೆ. ತಾನು ಮಾತನಾಡದೆ ಮುಂದಿನ ಕೀಲಿಯ ಅರ್ಥವನ್ನು ಬದಲಿಸುವುದೇ ಅದರ ಕೆಲಸ. ಟೀಮಕ್ಸಿನಲ್ಲಿ ಕಂಟ್ರೋಲ್ ಮತ್ತು ಬಿ ಕೀಲಿಗಳನ್ನು ಜೊತೆಯಾಗಿ ಒತ್ತುವುದು ಇಂಥ ಮುನ್ಸೂಚನೆ. ಆ ಬಳಿಕ ಸಿ ಒತ್ತಿದರೆ ಹೊಸ ಕಿಟಕಿ. ಡಿ ಒತ್ತಿದರೆ ಕೆಲಸವನ್ನು ನಡೆಯಬಿಟ್ಟು ಹೊರಬರುವುದು. ಝಡ್ ಒತ್ತಿದರೆ ಒಂದು ಅಂಕಣ ಇಡೀ ಕಿಟಕಿಯನ್ನು ತುಂಬಿಕೊಳ್ಳುತ್ತದೆ.

ಕಂಟ್ರೋಲ್ ಬಿ ಎಂಬುದೇ ಏಕೆ? ಇದಕ್ಕೊಂದು ಸ್ವಾರಸ್ಯವಾದ ಕಾರಣವಿದೆ. ಸ್ಕ್ರೀನಿನ ಮುನ್ಸೂಚನೆ ಕಂಟ್ರೋಲ್ ಎ. ಟೀಮಕ್ಸಿನ ಮೊದಲ ಕರಡು ರೂಪುಗೊಂಡದ್ದು ಸ್ಕ್ರೀನಿನ ಒಳಗೇ. ಎರಡಕ್ಕೂ ಒಂದೇ ಕೀಲಿಯಾದರೆ ಘರ್ಷಣೆಯಾದೀತೆಂದು ಮ್ಯಾರಿಯಟ್ ಪಕ್ಕದ ಬಿ ಅಕ್ಷರವನ್ನು ಆರಿಸಿಕೊಂಡರು. ಬಾಡಿಗೆದಾರನಾಗಿ ಬಂದವನು ಮನೆಯ ಒಡೆಯನ ಕುರ್ಚಿಯಲ್ಲಿ ಕೂರದಿದ್ದಂತೆ! ಮುಂದೆ ಬಾಡಿಗೆದಾರನೇ ಸ್ವಂತ ಮನೆ ಕಟ್ಟಿಕೊಂಡರೂ ಕುರ್ಚಿ ಬದಲಾಗಲಿಲ್ಲ. ಸ್ಕ್ರೀನಿಗೆ ಒಗ್ಗಿದ ಬೆರಳುಗಳಿಗೆ ಮಾತ್ರ ಬಿ ದೂರವೆನ್ನಿಸಿತು. ಆದುದರಿಂದ ಟೀಮಕ್ಸಿಗೆ ಬಂದ ಎಷ್ಟೋ ಮಂದಿ ಮಾಡಿಕೊಳ್ಳುವ ಮೊದಲ ಮಾರ್ಪಾಟು ಬಿಯನ್ನು ತೆಗೆದು ಎಯನ್ನು ಇರಿಸುವುದು.

ಇಲ್ಲಿಯೇ ಮೊದಲನೆಯ ಪಾಠವೂ ದೊರೆಯುತ್ತದೆ. ಕೂಡುಕುಟುಂಬಕ್ಕೆ ಬಂದ ಕಾಗದವನ್ನು ಜಗಲಿಯಲ್ಲಿ ಕುಳಿತ ಯಜಮಾನರು ಮೊದಲು ನೋಡುತ್ತಿದ್ದರು. ಆ ಬಳಿಕ ಅದು ಒಳಗೆ ಹೋಗುತ್ತಿತ್ತು. ಒತ್ತಿದ ಕೀಲಿಯೂ ಹಾಗೆಯೇ ಹಲವರ ಕೈದಾಟಿ ಒಳಗೆ ಹೋಗುತ್ತದೆ: ಮೊದಲು ಟರ್ಮಿನಲ್, ಆಮೇಲೆ ಟೀಮಕ್ಸ್, ಅದರ ಒಳಗೆ ಅಪ್ಪಣೆಗಳನ್ನು ಸ್ವೀಕರಿಸುವ ಶೆಲ್ ಅಥವಾ ಬರೆಯುವ ಎಡಿಟರ್. ಹೊರಗಿನವನು ತಡೆದ ಕೀಲಿ ಒಳಗಿನವನಿಗೆ ಮುಟ್ಟುವುದಿಲ್ಲ. ಕಂಟ್ರೋಲ್ ಎ ಎಂದರೆ ಶೆಲ್ಲಿನಲ್ಲಿ ಸಾಲಿನ ಆರಂಭಕ್ಕೆ ಹೋಗುವ ಕೀಲಿ. ಅದನ್ನು ಟೀಮಕ್ಸ್ ಕಸಿದುಕೊಂಡರೆ ಆ ಅನುಕೂಲ ಹೋಯಿತು. ಎರಡು ಸಲ ಒತ್ತಿದರೆ ಒಂದನ್ನು ಒಳಗೆ ಕಳಿಸು ಎಂದು ಬರೆದಿಡುವ ಏರ್ಪಾಟುಂಟು. ಆದರೂ ಪ್ರತಿಸಲ ಒಂದು ಒತ್ತು ಹೆಚ್ಚಾಯಿತಷ್ಟೆ. ಇರುವ ಕೀಲಿಗಳು ಕೆಲವೇ. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಂದ ಕಿತ್ತುಕೊಂಡದ್ದೇ ಆಗಿರುತ್ತದೆ.

ಮಾರ್ಪಾಟುಗಳನ್ನು ಬರೆದಿಡುವುದು ಬಳಕೆದಾರನ ಕಡತಗಳ ನಡುವೆ ಇರುವ ಒಂದು ಸಣ್ಣ ಕಡತದಲ್ಲಿ, ಸಾಲಿಗೊಂದು ಅಪ್ಪಣೆ. ಕಿಟಕಿಯನ್ನು ಅಕ್ಕಪಕ್ಕವಾಗಿ ಭಾಗಿಸಲು ಟೀಮಕ್ಸ್ ಶೇಕಡಾ ಚಿಹ್ನೆಯನ್ನೂ, ಮೇಲೆ ಕೆಳಗಾಗಿ ಭಾಗಿಸಲು ಉದ್ಧರಣ ಚಿಹ್ನೆಯನ್ನೂ ಇಟ್ಟಿದೆ. ಇವುಗಳ ರೂಪಕ್ಕೂ ಕೆಲಸಕ್ಕೂ ಸಂಬಂಧ ಕಾಣದು. ಅನೇಕರು ಇವುಗಳ ಬದಲಿಗೆ ನೆಟ್ಟನೆಯ ಗೆರೆಯನ್ನೂ ಅಡ್ಡಗೆರೆಯನ್ನೂ ಕಟ್ಟಿಕೊಳ್ಳುತ್ತಾರೆ. ಗೋಡೆ ಹೇಗೆ ಏಳಬೇಕೋ ಕೀಲಿಯ ಚಿಹ್ನೆಯೂ ಹಾಗೆಯೇ ಇರುವುದರಿಂದ ಇದನ್ನು ಮರೆಯುವಂತಿಲ್ಲ.

ಅಂಕಣದಿಂದ ಅಂಕಣಕ್ಕೆ ಹೋಗಲು ಎಚ್, ಜೆ, ಕೆ, ಎಲ್ ಕೀಲಿಗಳನ್ನು ಕಟ್ಟಿಕೊಳ್ಳುವವರೂ ಬಹಳ. ಇದರ ಮೂಲ ಇನ್ನೂ ಹಿಂದಿನದು. ಬರ್ಕ್ಲಿಯ ಬಿಲ್ ಜಾಯ್ ಎಂಬವರು 1976ರ ಸುಮಾರಿಗೆ ‘ವಿ.ಐ.’ ಎಂಬ ಎಡಿಟರನ್ನು ಬರೆಯುವಾಗ ಎ.ಡಿ.ಎಂ. 3ಎ ಎಂಬ ಟರ್ಮಿನಲನ್ನು ಬಳಸುತ್ತಿದ್ದರು. ಅದರಲ್ಲಿ ಪ್ರತ್ಯೇಕ ಬಾಣದ ಕೀಲಿಗಳಿರಲಿಲ್ಲ. ಈ ನಾಲ್ಕು ಅಕ್ಷರಗಳ ಮೇಲೆಯೇ ಬಾಣಗಳನ್ನು ಮುದ್ರಿಸಿದ್ದರು. ಆ ಯಂತ್ರ ಮೂಲೆ ಸೇರಿ ಎಷ್ಟೋ ಕಾಲವಾಯಿತು. ಅದನ್ನು ಕಣ್ಣಿನಿಂದ ಕಾಣದ ತರುಣರ ಬೆರಳುಗಳು ಇಂದಿಗೂ ಅದರ ಬಾಣಗಳನ್ನೇ ಅನುಸರಿಸುತ್ತಿವೆ! ಆದರೆ ಇಲ್ಲಿಯೂ ಬೆಲೆ ತೆರಬೇಕು. ಟೀಮಕ್ಸಿನಲ್ಲಿ ಎಲ್ ಎಂದರೆ ಹಿಂದೆ ನೋಡುತ್ತಿದ್ದ ಕಿಟಕಿಗೆ ಮರಳುವ ಕೀಲಿ. ಹೊಸಬನಿಗೆ ಜಾಗ ಕೊಟ್ಟಾಗ ಹಳೆಯ ಒಕ್ಕಲು ಏಳಲೇಬೇಕು. ಅದಕ್ಕೆ ಬೇರೆಡೆ ಮನೆ ಹುಡುಕಿಕೊಡುವುದು ಬದಲಿಸಿದವನ ಹೊಣೆ.

ಇದಕ್ಕಿಂತ ಮುಂದಿನ ಮೆಟ್ಟಿಲು ಮ್ಯಾಕ್ರೊ. ಹಲವು ಅಪ್ಪಣೆಗಳನ್ನು ಹಾರದಂತೆ ಪೋಣಿಸಿ ಒಂದೇ ಕೀಲಿಗೆ ಕಟ್ಟುವುದಕ್ಕೆ ಈ ಹೆಸರು. ಬೆಳಗ್ಗೆ ಕೆಲಸಕ್ಕೆ ಕುಳಿತೊಡನೆ ಒಂದು ಕೀಲಿ ಒತ್ತಿದರೆ ಹೊಸ ಕಿಟಕಿ ತೆರೆಯುತ್ತದೆ, ಮೂರು ಅಂಕಣಗಳಾಗುತ್ತದೆ, ಒಂದರಲ್ಲಿ ಎಡಿಟರು ಸಿದ್ಧವಾಗುತ್ತದೆ, ಇನ್ನೊಂದರಲ್ಲಿ ದಿನಚರಿ ಹರಿಯತೊಡಗುತ್ತದೆ. ಮನುಷ್ಯನು ಒತ್ತಿದಂತೆಯೇ ಅಕ್ಷರಗಳನ್ನು ತಾನೇ ಒತ್ತುವ ಅಪ್ಪಣೆಯೂ ಟೀಮಕ್ಸಿನಲ್ಲಿದೆ. ದಿನಕ್ಕೆ ಹತ್ತು ಸಲ ಬರೆಯುವ ಉದ್ದ ಸಾಲುಗಳನ್ನು ಅದರ ಕೈಗೆ ಒಪ್ಪಿಸಬಹುದು.

ಇಷ್ಟಾದ ಮೇಲೆ ಎಚ್ಚರಿಕೆಯ ಮಾತು ಅವಶ್ಯ. ಮ್ಯಾಕ್ರೊ ಕುರುಡು. ಎದುರಿಗಿರುವ ಅಂಕಣದಲ್ಲಿ ಶೆಲ್ ಇದೆಯೋ ಎಡಿಟರ್ ಇದೆಯೋ ಎಂದು ಅದು ವಿಚಾರಿಸುವುದಿಲ್ಲ. ಅಪ್ಪಣೆಯಾಗಬೇಕಾದ ಸಾಲು ಯಾರದೋ ಬರಹದ ನಡುವೆ ಹೋಗಿ ಕುಳಿತುಬಿಡಬಹುದು. ಒಂದು ಕಿಟಕಿಯ ಎಲ್ಲ ಅಂಕಣಗಳಿಗೂ ಒಂದೇ ಬರಹವನ್ನು ಕಳಿಸುವ ಸೌಕರ್ಯವೂ ಇದೆ. ಎಂಟು ಅಂಕಣಗಳಲ್ಲಿ ಎಂಟು ಯಂತ್ರಗಳಿದ್ದರೆ ಎಂಟಕ್ಕೂ ಒಂದೇ ಸಲ ಅಪ್ಪಣೆ ಮುಟ್ಟುತ್ತದೆ. ಇದನ್ನು ಒಂದು ಕೀಲಿಗೆ ಕಟ್ಟಿ, ಆರಿಸಲು ಮರೆತು, ಒಂದು ಯಂತ್ರದ ಕಡತವನ್ನಷ್ಟೇ ಅಳಿಸಹೊರಟರೆ ಎಂಟೂ ಯಂತ್ರಗಳಲ್ಲಿ ಅಳಿಸಿಹೋಗುತ್ತದೆ. ನೂರಾರು ಜನರ ಲೆಕ್ಕಪತ್ರಗಳಿರುವ ಯಂತ್ರಗಳಲ್ಲಿ ಇದು ಸಣ್ಣ ಅನರ್ಥವಲ್ಲ.

ಟೀಮಕ್ಸನ್ನು ರಚಿಸಿದವರು ಇಂಥ ಅಪಾಯಗಳನ್ನು ಅರಿಯದವರಲ್ಲ. ಅಂಕಣವನ್ನು ಮುಗಿಸಿಬಿಡುವ ಕೀಲಿ ಎಕ್ಸ್. ಕೀಲಿಮಣೆಯನ್ನು ನೋಡಿದರೆ ಅದರ ಒಂದು ಪಕ್ಕದಲ್ಲಿ ಝಡ್, ಇನ್ನೊಂದು ಪಕ್ಕದಲ್ಲಿ ಸಿ. ಹಿಗ್ಗಿಸುವ ಕೀಲಿಗೂ ಹೊಸ ಕಿಟಕಿಯ ಕೀಲಿಗೂ ನಡುವೆ ಕೊಲ್ಲುವ ಕೀಲಿ! ಬೆರಳು ಒಂದಿಷ್ಟು ಜಾರಿದರೂ ಸಾಕು. ಆದುದರಿಂದಲೇ ಎಕ್ಸ್ ಒತ್ತಿದೊಡನೆ ‘ಹೌದೆ? ಅಲ್ಲವೆ?’ ಎಂಬ ಪ್ರಶ್ನೆ ತೆರೆಯ ಮೇಲೆ ಮೂಡುತ್ತದೆ. ಆತುರದವರು ಮಾರ್ಪಾಟಿನ ಉತ್ಸಾಹದಲ್ಲಿ ಈ ಪ್ರಶ್ನೆಯನ್ನು ತೆಗೆದುಹಾಕುತ್ತಾರೆ. ಅರ್ಧ ನಿಮಿಷದ ಉಳಿತಾಯಕ್ಕೆ ಅರ್ಧ ದಿನದ ಕೆಲಸವನ್ನು ಪಣವಿಟ್ಟಂತಾಯಿತು. ದಿನವೂ ಬೇಕಾದುದು ಕೈಗೆ ಸಮೀಪವಿರಲಿ. ಅಪಾಯದ್ದು ಸ್ವಲ್ಪ ದೂರದಲ್ಲಿಯೇ ಇರಲಿ. ಮಕ್ಕಳಿರುವ ಮನೆಯಲ್ಲಿ ಈಳಿಗೆಮಣೆಯನ್ನು ಎತ್ತರದಲ್ಲಿ ಇಡುವುದು ಇದೇ ವಿವೇಕದಿಂದ.

ಹೊಸಬರನ್ನು ಕಾಡುವ ಇನ್ನೊಂದು ಸಂಗತಿಯುಂಟು. ಕಡತವನ್ನು ತಿದ್ದಿದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ. ಟೀಮಕ್ಸ್ ಅದನ್ನು ಓದುವುದು ತಾನು ಮೊದಲು ಏಳುವಾಗ ಮಾತ್ರ. ಆಮೇಲೆ ಮತ್ತೊಮ್ಮೆ ಓದು ಎಂದು ಹೇಳಬೇಕು. ಮರಳಿ ಓದಿಸಿದರೂ ಅಳಿಸಿದ ಸಾಲಿನ ಪರಿಣಾಮ ಹೋಗದು. ಕಲಿತದ್ದನ್ನು ಬಿಡು ಎಂದು ಬೇರೆಯಾಗಿ ಬರೆಯಬೇಕು, ಇಲ್ಲವೆ ಎಲ್ಲವನ್ನೂ ಮುಚ್ಚಿ ಹೊಸದಾಗಿ ಆರಂಭಿಸಬೇಕು. ಈ ಸ್ವಭಾವ ಮನುಷ್ಯನ ಬೆರಳಿಗೂ ಇದೆ. ಅದಕ್ಕೂ ಕಲಿಸುವುದು ಸುಲಭ, ಮರೆಸುವುದು ಕಷ್ಟ.

ಆದುದರಿಂದ ಅನುಭವಿಗಳ ದಾರಿ ನಿಧಾನವಾದುದು. ಮೊದಲ ಕೆಲವು ವಾರ ತಂತ್ರಾಂಶವನ್ನು ಇದ್ದಂತೆಯೇ ಬಳಸಬೇಕು. ಮುನ್ಸೂಚನೆಯ ಬಳಿಕ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದರೆ ಕೀಲಿಗಳ ಪಟ್ಟಿಯೇ ತೆರೆಯುತ್ತದೆ. ಬೇಕೆನ್ನಿಸಿದ್ದು ಬಹುಮಟ್ಟಿಗೆ ಅದರಲ್ಲಿಯೇ ಸಿಗುವುದುಂಟು. ಯಾವ ಕೀಲಿ ನಿಜವಾಗಿಯೂ ಬೆರಳನ್ನು ದಣಿಸುತ್ತದೆ ಎಂದು ಗುರುತಿಸಿ ಒಂದೊಂದನ್ನೇ ಬದಲಿಸಬೇಕು. ಪ್ರತಿ ಸಾಲಿನ ಮೇಲೆ ಅದರ ಕಾರಣವನ್ನು ಬರೆದಿಡಬೇಕು. ಇತರರ ಕಡತವನ್ನು ಇಡಿಯಾಗಿ ನಕಲು ಮಾಡಿದರೆ ನಾದಿನಿಯ ಅಡುಗೆಮನೆಯಲ್ಲಿ ಕೈಯಾಡಿಸಿದಂತಾಗುತ್ತದೆ. ಅಪರಾತ್ರಿಯಲ್ಲಿ ಕೆಟ್ಟು ನಿಂತ ಪರಕೀಯ ಯಂತ್ರದ ಮುಂದೆ ಕೂರಬೇಕಾದಾಗ ಅಲ್ಲಿ ತನ್ನ ಏರ್ಪಾಟು ಯಾವುದೂ ಇರುವುದಿಲ್ಲ. ಮೂಲದ ನಾಲ್ಕಾರು ಕೀಲಿಗಳನ್ನು ಮರೆಯದಿದ್ದವರು ಆಗ ಗೆಲ್ಲುತ್ತಾರೆ.

ಮ್ಯಾಕ್ರೊಗಳ ವಿಷಯದಲ್ಲಿ ಬಲ್ಲವರು ಪಾಲಿಸುವ ಒಂದು ಸಣ್ಣ ಕ್ರಮವಿದೆ. ಅಳಿಸುವ, ನಿಲ್ಲಿಸುವ, ಬದಲಿಸುವ ಅಪ್ಪಣೆಗಳನ್ನು ಮ್ಯಾಕ್ರೊ ಪೂರ್ತಿಯಾಗಿ ಬರೆದುಕೊಡಲಿ. ಆದರೆ ಸಾಲಿನ ತುದಿಯ ಎಂಟರ್ ಕೀಲಿಯನ್ನು ಅದಕ್ಕೆ ಕಲಿಸದಿರಲಿ. ಸಾಲು ಸಿದ್ಧವಾಗಿ ಕಾದು ನಿಂತಿರುತ್ತದೆ. ಮನುಷ್ಯನು ಅದನ್ನೊಮ್ಮೆ ಕಣ್ಣಾರೆ ಓದಿ, ಯಾವ ಯಂತ್ರದ ಮುಂದೆ ಕುಳಿತಿದ್ದೇನೆಂದು ನೋಡಿಕೊಂಡು, ತನ್ನ ಬೆರಳಿನಿಂದಲೇ ಒತ್ತಬೇಕು. ಬೇರೆಲ್ಲ ಕೀಲಿಗಳನ್ನು ಯಂತ್ರಕ್ಕೆ ಒಪ್ಪಿಸಿದರೂ ಆ ಒಂದನ್ನು ತನ್ನ ಬಳಿ ಇಟ್ಟುಕೊಳ್ಳುವುದು ಲೇಸು.