ಸರಾಸರಿಗಿಂತ ಕಾಂಡ-ಎಲೆ ಲೇಸು

ಯೂನಿಟ್ ಟೆಸ್ಟ್ ಮುಗಿದ ಮೇಲೆ ತರಗತಿಯ ಸರಾಸರಿಯನ್ನಷ್ಟೇ ಹೇಳಿ ಮುಗಿಸುವ ಪದ್ಧತಿ ಬದಲಾಗಬೇಕೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಸಂಖ್ಯಾಶಾಸ್ತ್ರದಲ್ಲೇ ಒಂದು ಸುಲಭ ಉಪಾಯವಿದೆ: ಕಾಂಡ-ಎಲೆ ನಕ್ಷೆ. ಅಮೆರಿಕದ ಜಾನ್ ಟ್ಯೂಕಿ 1977ರ ತಮ್ಮ ಪುಸ್ತಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು.

ಹತ್ತು ಮಂದಿಗೆ 50ಕ್ಕೆ ಹೀಗೆ ಅಂಕ ಬಂದಿದೆ ಎಂದುಕೊಳ್ಳಿ: 12, 14, 17, 31, 33, 39, 41, 45, 49, 49. ಸರಾಸರಿ 33. ಕೇಳಿದವರು 'ಪರವಾಗಿಲ್ಲ' ಅನ್ನುತ್ತಾರೆ. ಈಗ ಹತ್ತರ ಸ್ಥಾನವನ್ನು ಕಾಂಡವಾಗಿ, ಬಿಡಿ ಸ್ಥಾನವನ್ನು ಎಲೆಯಾಗಿ ಬರೆಯೋಣ:

1 | 2 4 7
2 |
3 | 1 3 9
4 | 1 5 9 9

ಎರಡರ ಸಾಲು ಖಾಲಿ. ಮೂವರು ತರಗತಿಯಿಂದ ಬಹಳ ಹಿಂದೆ ಉಳಿದಿದ್ದಾರೆ. 33 ಎಂಬ ಸಂಖ್ಯೆ ಇದನ್ನು ಹೇಳಲೇ ಇಲ್ಲ. ಹಿಸ್ಟೋಗ್ರಾಮ್ ಬರೆದರೆ ಗುಂಪು ಕಾಣುತ್ತದೆ, ಆದರೆ ಮೂಲ ಅಂಕಗಳು ಕಾಣುವುದಿಲ್ಲ. ಇಲ್ಲಿ ಒಂದು ಅಂಕವೂ ಕಳೆದುಹೋಗುವುದಿಲ್ಲ.

ಕಡಿಮೆ ಅಂಕ ಬೋರ್ಡಿನ ಮೇಲೆ ಬಂದರೆ ಮಕ್ಕಳಿಗೆ ನೋವಾಗದೇ ಎಂದು ಕೆಲವರು ಕೇಳಬಹುದು. ಹೆಸರು, ರಿಜಿಸ್ಟರ್ ನಂಬರ್ ಯಾವುದೂ ಬೇಕಿಲ್ಲ. ಸರಾಸರಿಯ ಮರೆಯಲ್ಲಿ ಉಳಿದು ಯಾರ ಗಮನಕ್ಕೂ ಬಾರದಿರುವುದೇ ದೊಡ್ಡ ನೋವು.

ಗಿಡದಲ್ಲಿ ಎಲೆ ಉದುರಿದರೂ ಕಾಂಡದ ಗೆಣ್ಣು ಉಳಿಯುತ್ತದೆ. ಎಲೆಯ ಕಂಕುಳಲ್ಲಿದ್ದ ಮೊಗ್ಗು ಮುಂದೆ ಕೊಂಬೆಯಾಗಬಹುದು. ನಕ್ಷೆಯಲ್ಲೂ ಖಾಲಿ ಕಾಂಡವನ್ನು ಬಿಟ್ಟು ಬರೆಯುವಂತಿಲ್ಲ.

ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇಷ್ಟೇ: ನೋಟಿಸ್ ಬೋರ್ಡಿಗೆ ಈ ನಕ್ಷೆ ಹಾಕಿ, ಮೊದಲ ಸಾಲಿನವರಿಗೆ ವಾರಕ್ಕೊಂದು ಗಂಟೆ ಹೆಚ್ಚುವರಿ ಪಾಠ ಮಾಡಿ. ಮುಂದಿನ ಟೆಸ್ಟಿನಲ್ಲಿ ಆ ಮೂರು ಎಲೆಗಳು ಎರಡರ ಸಾಲಿಗೆ ಬಂದರೆ, ಸರಾಸರಿ ಎಷ್ಟೆಂದು ನಾನು ಕೇಳುವುದಿಲ್ಲ.