ಹನ್ನೆರಡು ದಿನ, ಏಳು ದೇಶ

2023ರ ಮೇ ತಿಂಗಳಲ್ಲಿ ನಾನೂ ನನ್ನ ಶ್ರೀಮತಿಯೂ ಯೂರೋಪ್ ಪ್ರವಾಸ ಮುಗಿಸಿ ಮೇಳಿಗೆಗೆ ಮರಳಿದಾಗ ಕಂಡವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ದೇಶ ಆಯ್ತು ಮೇಷ್ಟ್ರೇ?" ಏಳು ಎಂದೆ. ಹಾಲೆಂಡ್, ಬೆಲ್ಜಿಯಂ, ಜರ್ಮನಿ, ಸ್ವಿಟ್ಜರ್ಲೆಂಡ್, ಲಿಕ್ಟನ್‌ಸ್ಟೈನ್, ಆಸ್ಟ್ರಿಯಾ, ಇಟಲಿ. ಏನು ಕಂಡಿರಿ ಎಂದು ಕೇಳಿದವರು ಒಬ್ಬರೂ ಇಲ್ಲ. ಕೇಳಿದ್ದರೆ ಉತ್ತರಿಸಲು ನಾನು ತಡವರಿಸುತ್ತಿದ್ದೆ ಎಂಬುದು ಬೇರೆ ಮಾತು.

ಲಿಕ್ಟನ್‌ಸ್ಟೈನ್ ದೇಶದ ರಾಜಧಾನಿ ವಡೂಜ್‌ನಲ್ಲಿ ನಮ್ಮ ಬಸ್ಸು ನಿಂತದ್ದು ನಲವತ್ತು ನಿಮಿಷ. ಆಸ್ಟ್ರಿಯಾ ಎಂದರೆ ನಮಗೆ ಒಂದು ಹರಳಿನ ಅಂಗಡಿ. ರೈನ್ ಜಲಪಾತದೆದುರು ಎಲ್ಲರೂ ಬೆನ್ನು ತಿರುಗಿಸಿ ನಿಂತರು, ಪಟ ತೆಗೆಸಿಕೊಳ್ಳಲು. ಅದರ ಎತ್ತರ 23 ಮೀಟರ್, ನಮ್ಮ ಜೋಗದ್ದು 253 ಎಂದು ಹಂಗಿಸುವುದು ನನ್ನ ಉದ್ದೇಶವಲ್ಲ. ಅಲ್ಲಿ ವರ್ಷವಿಡೀ ನೀರುಂಟು. ಲಿಂಗನಮಕ್ಕಿ ಅಣೆಕಟ್ಟಿನ ನಂತರ ನಮ್ಮ ಜೋಗ ಮಳೆಗಾಲದ ಅತಿಥಿ.

ನನ್ನ ಜಗಳ ರೋಮಿನದು. ವೆನೆಟ್ಸಿಯಾ ಚೌಕದ ದೊಡ್ಡ ಬಿಳಿಯ ಸ್ಮಾರಕದ ಮುಂದೆ ನಮ್ಮನ್ನು ಇಳಿಸಿದರು. ಅದರ ಬೆನ್ನಿಗೇ, ನೂರಕ್ಕೂ ಮಿಕ್ಕಿದ ಮೆಟ್ಟಿಲುಗಳ ಮೇಲೆ, ಸಾಂತಾ ಮಾರಿಯಾ ಇನ್ ಅರಾಚೇಲಿ ಎಂಬ ಹಳೆಯ ಚರ್ಚಿದೆ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಯಾತ್ರಿಕನ ಸಮಾಧಿ ಅಲ್ಲಿದೆ. ಈತ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆ ತಲುಪಿ, ಘಟ್ಟ ಹತ್ತಿ ಇಕ್ಕೇರಿಯಲ್ಲಿ ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನ ಕಂಡವನು. ಘಟ್ಟದ ದಾರಿಯ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ಲೆಕ್ಕವನ್ನು ರಾಗವಾಗಿ ಹೇಳುತ್ತ, ನೆಲಕ್ಕೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದರಂತೆ. ಈತ ನಿಂತು ನೋಡಿದ. ತಪ್ಪಿದರೆ ತಿದ್ದುವವರು ಯಾರು ಎಂದು ವಿಚಾರಿಸಿದ. ಗುರುವಿನ ಹಂಗಿಲ್ಲದೆ ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತೇವೆ ಎಂದರಂತೆ ಮಕ್ಕಳು. ಇಕ್ಕೇರಿಯಲ್ಲಿ ಸಹಗಮನಕ್ಕೆ ಹೊರಟಿದ್ದ ವಿಧವೆಯೊಬ್ಬಳೊಡನೆ ಮಾತನಾಡಿ ಅವಳ ಮನಸ್ಸನ್ನು ತಿರುಗಿಸಲು ಯತ್ನಿಸಿದ, ಅವಳು ಒಪ್ಪಲಿಲ್ಲ. ಇವೆಲ್ಲವನ್ನೂ ನೇಪಲ್ಸಿನ ಗೆಳೆಯನಿಗೆ ಪತ್ರಗಳಲ್ಲಿ ಬರೆದ. ಎಲ್ಲದರಲ್ಲೂ ಅವನ ಕಣ್ಣು ನೆಟ್ಟಗಿತ್ತೆಂದಲ್ಲ. ನಮ್ಮ ದೇವರುಗಳ ಬಗ್ಗೆ ಆ ಕಾಲದ ಕ್ರೈಸ್ತನಂತೆಯೇ ಬರೆದಿದ್ದಾನೆ. ಆದರೆ ನಿಂತ, ಕೇಳಿದ.

ನಾನೂರು ವರ್ಷ ತುಂಬಿದ ಆ ವರ್ಷದಲ್ಲಿ, ಮಲೆನಾಡಿನಿಂದ ಹೋದ ಒಬ್ಬ ಮೇಷ್ಟ್ರು ಅರ್ಧ ಗಂಟೆ ಬಿಡುವು ಬೇಡಿದರೆ ಸಿಕ್ಕ ಉತ್ತರ: "ಸರ್, ಅದು ಪಟ್ಟಿಯಲ್ಲಿ ಇಲ್ಲ." ಸಹಯಾತ್ರಿಕರೂ ಗಡಿಯಾರ ನೋಡಿಕೊಂಡರು. ನಾನು ಸುಮ್ಮನೆ ಬಸ್ಸು ಹತ್ತಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಹೀಗೆಂದರೆ ಕೆಲವರು ವಾದಿಸುತ್ತಾರೆ: ಅಡಿಕೆ ಮಾರಿದ ದುಡ್ಡು, ಜೀವಮಾನಕ್ಕೊಂದು ಸಲ, ಆದಷ್ಟೂ ನೋಡಿಬಿಡಬೇಡವೇ? ಬಸ್ಸನ್ನು ನಾನು ದೂರುತ್ತಿಲ್ಲ. ಭಾಷೆ ಬಾರದ, ಮಂಡಿ ನೋಯುವ, ಸಸ್ಯಾಹಾರವೇ ಬೇಕೆನ್ನುವ ನಮ್ಮಂಥವರಿಗೆ ಅದೇ ಗತಿ. ದೂರುವುದು ಎಣಿಕೆಯನ್ನು. ಅದೇ ಹನ್ನೆರಡು ದಿನಗಳನ್ನು ಎರಡು ದೇಶಗಳಿಗೆ ಹಂಚಿದರೆ ಖರ್ಚೇನೂ ಹೆಚ್ಚಾಗಲಾರದು, ಡೀಸೆಲ್ಲಾದರೂ ಉಳಿದೀತು. ಆದರೆ ಅಂಥ ಪ್ರವಾಸವನ್ನು ನಾವು ಕೇಳುವುದಿಲ್ಲ, ಆದ್ದರಿಂದ ಅವರು ಮಾರುವುದಿಲ್ಲ.

ಈ ರೋಗವನ್ನು ಅಂಟಿಸಿದವರಲ್ಲಿ ನಾನೂ ಒಬ್ಬ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದೆ. ಡಿಸೆಂಬರ್ ಬಂತೆಂದರೆ ಮಕ್ಕಳನ್ನು ಬಸ್ಸಿಗೆ ತುಂಬಿ ಮೂರು ದಿನಗಳಲ್ಲಿ ಹನ್ನೊಂದು ಸ್ಥಳ ತೋರಿಸಿ, ವರದಿಯಲ್ಲಿ ಹನ್ನೊಂದನ್ನೂ ಹೆಮ್ಮೆಯಿಂದ ನಮೂದಿಸುತ್ತಿದ್ದೆ. ಊರಿನದೇ ಅನಂತನಾಥ ಬಸದಿಗೆ, ಕೆಳದಿ ಅರಸರ ಕಾಲದ ಆ ಕಲ್ಲಿನ ಕೆಲಸದ ಮುಂದೆ, ಒಂದು ಮಧ್ಯಾಹ್ನವಾದರೂ ಮಕ್ಕಳನ್ನು ಕೂರಿಸಿ ಪಾಠ ಹೇಳಲಿಲ್ಲ. ಕೆಳದಿಯ ಪಾಠ ಮಾಡುವಾಗ ದೆಲ್ಲಾ ವಾಲ್ಲೆಯ ಹೆಸರೆತ್ತಲಿಲ್ಲ, ಏಕೆಂದರೆ ನಾನೇ ಓದಿರಲಿಲ್ಲ. ಓದಿದ್ದು ನಿವೃತ್ತಿಯ ನಂತರ.

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ತೋಟದ ಯಜಮಾನ, ಮುಂದಿನ ಬೇಸಿಗೆಯ ಪ್ರವಾಸದ ಪತ್ರ ಹಿಡಿದು ಬಂದ. ಹದಿನಾಲ್ಕು ದಿನ, ಒಂಬತ್ತು ದೇಶ. ಇಷ್ಟೆಲ್ಲ ವಿವರಿಸಿ, ವಡೂಜ್ ಒಂದನ್ನಾದರೂ ಬಿಟ್ಟು ರೋಮಿನಲ್ಲಿ ಅರ್ಧ ದಿನ ಹೆಚ್ಚಿಗೆ ಕೇಳು ಎಂದೆ. ಅವನು ತುಸು ಹೊತ್ತು ಯೋಚಿಸಿ ಹೇಳಿದ: "ಬಿಟ್ಟರೆ ಎಂಟೇ ಆಗ್ತದಲ್ಲ, ಸಾರ್."