ದಂಡಿನ ಮನೆಯ ಹಿರಿಯಣ್ಣ

“ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ” ಎಂಬ ಗಾದೆಯನ್ನು ಕೇಳದ ಮನೆಯು ನಮ್ಮ ನಾಡಿನಲ್ಲಿ ಇರಲಾರದು. ಸೊಸೆಯಾಗಿ ಕಣ್ಣೀರಿಟ್ಟವಳು ತಾನು ಅತ್ತೆಯಾದ ದಿನ ಆ ಕಣ್ಣೀರನ್ನು ನೆನೆದು ಮೆತ್ತಗಾಗಬೇಕಷ್ಟೆ. ಆದರೆ ಅನೇಕ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿಪರೀತ. “ನಾನು ಪಡಲಿಲ್ಲವೆ? ಇವಳೂ ಪಡಲಿ” ಎಂಬ ಮಾತೇ ಅಡಿಗೆಮನೆಯಿಂದ ಹೊರಡುವುದು. ಈ ತಿಂಗಳು ನಾವು ವಾಚಕರ ಮುಂದಿಡುವ ವಿಷಯವು ಅಡಿಗೆಮನೆಗೆ ಬಹು ದೂರದ್ದು. ಸಮುದ್ರದಾಚೆಯ ಒಂದು ಸೈನಿಕ ವಿದ್ಯಾಲಯದ್ದು. ಆದರೂ ಅಲ್ಲಿಯ ರೋಗವು ಇದೇ ಜಾತಿಯದಾಗಿದ್ದಿತು. ಅದಕ್ಕೆ ಅಲ್ಲಿಯವರು ಹುಡುಕಿದ ಮದ್ದು ಮಕ್ಕಳನ್ನು ಬೆಳೆಸುವ ಯಾರಿಗಾದರೂ ಕುತೂಹಲವನ್ನುಂಟುಮಾಡತಕ್ಕದ್ದು.

ಅಮೆರಿಕಾ ದೇಶದ ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 50 ಮೈಲಿ ದೂರದಲ್ಲಿ, ಹಡ್ಸನ್ ನದಿಯ ದಂಡೆಯ ಮೇಲೆ, ವೆಸ್ಟ್ ಪಾಯಿಂಟ್ ಎಂಬ ಸ್ಥಳವಿದೆ. ಸೇನಾಧಿಕಾರಿಗಳನ್ನು ತಯಾರುಮಾಡುವ ವಿದ್ಯಾಲಯವು ಅಲ್ಲಿ 1802ನೆಯ ಇಸವಿಯಲ್ಲಿ ಸ್ಥಾಪಿತವಾಯಿತು. ನಾಲ್ಕು ವರ್ಷಗಳ ವ್ಯಾಸಂಗವನ್ನು ಮುಗಿಸಿದವನಿಗೆ ಪದವಿಯೂ ಸೆಕೆಂಡ್ ಲೆಫ್ಟಿನೆಂಟನ ಅಧಿಕಾರವೂ ಒಟ್ಟಿಗೆ ದೊರೆಯುವುವು. 1976ರಿಂದ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಆ ವರ್ಷ ಸೇರಿದ 119 ಮಂದಿ ತರುಣಿಯರಲ್ಲಿ 62 ಮಂದಿ 1980ರಲ್ಲಿ ತೇರ್ಗಡೆಯಾಗಿ ಹೊರಬಂದರು. ಉಳಿದವರು ನಡುವೆಯೇ ಹಿಂದಿರುಗಿದರೆಂಬುದರಿಂದ ಅಲ್ಲಿಯ ಬಾಳು ಎಷ್ಟು ಕಠಿನವೆಂಬುದನ್ನು ವಾಚಕರು ಊಹಿಸಬಹುದು.

ಮೊದಲ ವರ್ಷದ ವಿದ್ಯಾರ್ಥಿಗೆ ಅಲ್ಲಿ ‘ಪ್ಲೀಬ್’ ಎಂದು ಹೆಸರು. ಆತನೇ ಆ ಮನೆಯ ಹೊಸ ಸೊಸೆ. ಹಿರಿಯ ವಿದ್ಯಾರ್ಥಿಗಳು ಅವನನ್ನು ಪೀಡಿಸುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಿತಿಮೀರಿದ್ದಿತು. ಅಲ್ಲಿ ಕೆಲವು ತಿಂಗಳು ಮಾತ್ರ ಇದ್ದು ಬಿಟ್ಟುಹೋದ ಒಬ್ಬ ತರುಣನು 1900ರಲ್ಲಿ ತೀರಿಕೊಂಡನು. ಅವನಿಗೆ ಬಲವಂತದಿಂದ ಖಾರದ ರಸವನ್ನು ಕುಡಿಸಿದ್ದೇ ಸಾವಿಗೆ ಕಾರಣವೆಂದು ತಂದೆತಾಯಿಗಳು ದೂರಿದರು. ವಿಚಾರಣೆ ನಡೆಯಿತು, ವಿಷಯವು ಆ ದೇಶದ ಶಾಸನಸಭೆಯವರೆಗೂ ಹೋಯಿತು. ಸಾಕ್ಷಿ ಹೇಳಲು ಬಂದವರಲ್ಲಿ ತಾನೂ ಪೀಡನೆಯನ್ನು ಅನುಭವಿಸಿದ್ದ ಡಗ್ಲಾಸ್ ಮೆಕಾರ್ಥರ್ ಎಂಬ ಎಳೆಯ ವಿದ್ಯಾರ್ಥಿಯೊಬ್ಬನಿದ್ದನು. ಮುಂದೆ ಜಗತ್ಪ್ರಸಿದ್ಧ ಸೇನಾಪತಿಯಾದವರು ಇವರೇ. 1919ರಿಂದ 1922ರವರೆಗೆ ಅದೇ ವಿದ್ಯಾಲಯದ ಮುಖ್ಯಾಧಿಕಾರಿಗಳಾಗಿ ಬಂದಾಗ ಅವರು ಈ ಪಿಡುಗನ್ನು ಕೀಳಲು ಪ್ರಯತ್ನಪಟ್ಟರು. ಆದರೆ ಆಜ್ಞೆಯಿಂದ ಕೈಯನ್ನು ತಡೆಯಬಹುದು, ಮನಸ್ಸನ್ನು ತಿರುಗಿಸುವುದು ಹೇಗೆ? ತಾನು ಉಂಡುದನ್ನೇ ಇನ್ನೊಬ್ಬನಿಗೆ ಬಡಿಸುವ ಚಾಳಿ ಅಷ್ಟು ಬೇಗನೆ ಬಿಡುವುದಿಲ್ಲ. ಹಳೆಯ ಪದ್ಧತಿಗೆ ಬದಲಾಗಿ ಹೊಸದೊಂದನ್ನು ವಿಧಿವತ್ತಾಗಿ ತರುವಷ್ಟರಲ್ಲಿ 1990 ಬಂದಿತು.

ವಿದ್ಯಾರ್ಥಿಗಳನ್ನು ಅಲ್ಲಿ ಮೂವತ್ತಾರು ಕಂಪೆನಿಗಳಾಗಿ ವಿಂಗಡಿಸಿದ್ದಾರೆ. ಒಂದೊಂದರಲ್ಲಿ ಸುಮಾರು 120 ಮಂದಿ. ಕಂಪೆನಿಯ ದಿನದಿನದ ಆಡಳಿತವು ಹಿರಿಯ ವಿದ್ಯಾರ್ಥಿಗಳದೇ. ಎರಡನೆಯ ವರ್ಷದವನು ಒಬ್ಬಿಬ್ಬರು ಪ್ಲೀಬರಿಗೆ ಹೊಣೆಗಾರನು. ಇವರೆಲ್ಲರ ಮೇಲೆ ಒಬ್ಬ ಕ್ಯಾಪ್ಟನ್ ಅಥವಾ ಮೇಜರ್ ಇರುವನು. ಇವನನ್ನು ‘ಟ್ಯಾಕ್’ ಎಂದು ಕರೆಯುವರು. ಕೋಣೆಯಲ್ಲಿ ಧೂಳಿದೆಯೆ, ಗುಂಡಿ ಹೊಳೆಯುತ್ತಿದೆಯೆ ಎಂದು ನೋಡಿ ತಪ್ಪು ಬರೆದುಕೊಳ್ಳುವುದೇ ಟ್ಯಾಕಿನ ಉದ್ಯೋಗವೆಂದು ಬಹುಕಾಲ ಜನರು ತಿಳಿದಿದ್ದರು. ಸ್ವತಃ ಅದೇ ವಿದ್ಯಾಲಯದಲ್ಲಿ ಬೆಳೆದು ಬಂದವನಾದರೆ ತಾನು ಕಂಡ ಟ್ಯಾಕಿನಂತೆಯೇ ತಾನೂ ನಡೆಯುವನು. ಬೇರೆ ಮಾದರಿ ಅವನಿಗೆ ಎಲ್ಲಿಂದ ಬರಬೇಕು?

ಬೇರೆ ಮಾದರಿಯನ್ನು ಒದಗಿಸಬೇಕೆಂದೇ 1980ರ ದಶಕದ ಕೊನೆಯಲ್ಲಿ ಟ್ಯಾಕ್‌ಗಳಾಗುವವರಿಗೆ ಮೊದಲು ಸ್ನಾತಕೋತ್ತರ ವ್ಯಾಸಂಗವಾಗಬೇಕೆಂಬ ಏರ್ಪಾಡು ಹುಟ್ಟಿತು. ಈ ಶತಮಾನದ ಮೊದಲ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಶಿಕ್ಷಕರ ಕಾಲೇಜು ಇದರಲ್ಲಿ ಕೈಗೂಡಿಸಿತು. ಆಗ ಇದಕ್ಕೆ ಐಸೆನ್‌ಹೋವರರ ಹೆಸರನ್ನಿಟ್ಟರು. ಆಯ್ಕೆಯಾದ ಅಧಿಕಾರಿಯು ಒಂದು ವರ್ಷ ಸಾಮಾಜಿಕ ಮನಶ್ಶಾಸ್ತ್ರವನ್ನೂ ಸಂಸ್ಥೆಗಳ ನಡವಳಿಕೆಯನ್ನೂ ಓದಿ ಎಂ. ಎ. ಪದವಿಯನ್ನು ಪಡೆಯುವನು, ಬಳಿಕ ಎರಡು ವರ್ಷ ಒಂದು ಕಂಪೆನಿಯ ಟ್ಯಾಕ್ ಆಗಿರುವನು. ಹೀಗೆ ಬಂದವರಲ್ಲಿ ಇರಾಕ್, ಆಫ್ಘಾನಿಸ್ತಾನಗಳ ರಣಭೂಮಿಯನ್ನು ಕಂಡವರೂ ಇದ್ದರು. ನೂರಾರು ಜನರಿಗೆ ಆಜ್ಞೆಮಾಡಿದವನು ಪುನಃ ಬೆಂಚಿನ ಮೇಲೆ ಕುಳಿತು, ಪ್ರಬಂಧ ಬರೆದು, ಅಂಕಗಳಿಗಾಗಿ ಕಾಯಬೇಕು. ಈ ಏರ್ಪಾಡಿನ ಅರ್ಧ ಪ್ರಯೋಜನವು ಇದರಲ್ಲೇ ಇದೆಯೆಂದು ನಮ್ಮ ಎಣಿಕೆ. ತಾನು ವಿದ್ಯಾರ್ಥಿಯಾಗಿದ್ದುದನ್ನು ಮರೆತವನು ವಿದ್ಯಾರ್ಥಿಯ ದಣಿವನ್ನು ಹೇಗೆ ಅರಿಯಬಲ್ಲನು?

ಅವನು ಓದುವುದಾದರೂ ಏನೆಂದು ವಾಚಕರು ಕೇಳಬಹುದು. ಒಂದು ಉದಾಹರಣೆಯನ್ನು ಕೊಡುವೆವು. ಹಾರ್ವರ್ಡಿನ ರಾಬರ್ಟ್ ಕೇಗನ್ ಎಂಬ ಮನಶ್ಶಾಸ್ತ್ರಜ್ಞರು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನುಷ್ಯನ ಮನಸ್ಸು ಬಾಲ್ಯದಲ್ಲಿ ಮಾತ್ರವಲ್ಲ, ಪ್ರಾಯಕ್ಕೆ ಬಂದ ಮೇಲೂ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆಂದು ವಾದಿಸಿದ್ದಾರೆ. ನಮ್ಮ ಮನೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ: ಬೆಲ್ಲದ ಡಬ್ಬಿಗೆ ಕೈಹಾಕದ ಹುಡುಗರು ಮೂವರಿದ್ದಾರೆ. ಏಟು ಬೀಳುವುದೆಂದು ಒಬ್ಬನು ಹಾಕುವುದಿಲ್ಲ. ಅಮ್ಮ ನೊಂದುಕೊಳ್ಳುವಳು, ಒಡಹುಟ್ಟಿದವರು ಹಗುರವಾಗಿ ಕಾಣುವರು ಎಂದು ಇನ್ನೊಬ್ಬನು ಹಾಕುವುದಿಲ್ಲ. ಮೂರನೆಯವನಿಗೆ ನೋಡುವವರು ಯಾರೂ ಬೇಕಿಲ್ಲ. ಅದು ತನಗೆ ತಕ್ಕುದಲ್ಲವೆಂದು ಅವನೇ ತೀರ್ಮಾನಿಸಿಕೊಂಡಿದ್ದಾನೆ. ಹೊರಗಿನಿಂದ ನೋಡುವವರಿಗೆ ಮೂವರೂ ಒಂದೇ. 1990ರ ದಶಕದಲ್ಲಿ ವೆಸ್ಟ್ ಪಾಯಿಂಟಿನ ಸಂಶೋಧಕರು ಇದೇ ಅಳತೆಗೋಲಿನಿಂದ ತಮ್ಮ ವಿದ್ಯಾರ್ಥಿಗಳನ್ನು ಅಳೆದರು. ನಾಲ್ಕು ವರ್ಷಗಳಲ್ಲಿ ಹಲವರು ಮೊದಲನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಏರುವರೆಂದೂ ಮೂರನೆಯದನ್ನು ಮುಟ್ಟುವವರು ವಿರಳವೆಂದೂ ಕಂಡುಬಂದಿತು. ದಂಡನೆಯೊಂದನ್ನೇ ಬಲ್ಲ ಟ್ಯಾಕ್ ಹುಡುಗನನ್ನು ಮೊದಲ ಮೆಟ್ಟಿಲಿನಲ್ಲಿಯೇ ನಿಲ್ಲಿಸಿಬಿಡುವನೆಂಬುದು ಇದರಿಂದ ಹೊರಡುವ ಪಾಠ.

ಆದರೆ ಪುಸ್ತಕದ ಪಾಠವು ಸಂಕಟದಲ್ಲಿ ಸಿಕ್ಕಿಕೊಳ್ಳುವ ಸಂದರ್ಭವೂ ಉಂಟು. ಒಂದು ರಾತ್ರಿ ಎರಡನೆಯ ವರ್ಷದ ಹುಡುಗನೊಬ್ಬನು ಟ್ಯಾಕಿನ ಬಾಗಿಲನ್ನು ತಟ್ಟುವನೆಂದು ಭಾವಿಸಿರಿ. ಗೆಳೆಯನು ಪರೀಕ್ಷೆಯಲ್ಲಿ ನಕಲುಮಾಡಿದ್ದಾನೆ, ಆ ಗೆಳೆಯನ ತಾಯಿ ಹಾಸಿಗೆ ಹಿಡಿದಿದ್ದಾಳೆ, ಏನು ಮಾಡಬೇಕು? ಸುಳ್ಳು, ಮೋಸ, ಕಳವು ಮೂರೂ ಕೂಡದೆಂದು ಮಾತ್ರವಲ್ಲದೆ, ಹಾಗೆ ಮಾಡಿದವರನ್ನು ಸಹಿಸಲೂ ಕೂಡದೆಂದು ಅಲ್ಲಿಯ ಗೌರವಸಂಹಿತೆ ವಿಧಿಸುತ್ತದೆ. ಬಾಗಿಲು ತಟ್ಟಿದವನು ಸುಮ್ಮನಿದ್ದರೆ ಅವನೂ ಅಪರಾಧಿ. ಟ್ಯಾಕ್ ಆದರೋ ಇವನ ಪಾಲಿಗೆ ಹಿರಿಯಣ್ಣನೂ ಹೌದು, ನ್ಯಾಯಾಧಿಪತಿಯೂ ಹೌದು. ಅಣ್ಣನಿಗೆ ಹೇಳಿದ ಗುಟ್ಟು ನ್ಯಾಯಾಧಿಪತಿಯ ಕಿವಿಗೂ ಬಿದ್ದುಬಿಟ್ಟಿತಲ್ಲ!

ಇದು ಬರಿಯ ಕಲ್ಪನೆಯ ತೊಡಕಲ್ಲ. 1976ರಲ್ಲಿ ಕೋಣೆಗೆ ಒಯ್ದು ಬರೆಯಲು ಕೊಟ್ಟ ವಿದ್ಯುತ್ ಶಾಸ್ತ್ರದ ಪರೀಕ್ಷೆಯೊಂದರಲ್ಲಿ ನಕಲು ಬಯಲಾಗಿ, 150ಕ್ಕೂ ಹೆಚ್ಚು ವಿದ್ಯಾರ್ಥಿಗಳು ವಿದ್ಯಾಲಯವನ್ನು ಬಿಡಬೇಕಾಯಿತು. ಚಂದ್ರನನ್ನು ಸುತ್ತಿಬಂದ ಫ್ರಾಂಕ್ ಬೋರ್ಮನ್ನರ ಅಧ್ಯಕ್ಷತೆಯ ಸಮಿತಿಯು ವಿಚಾರಿಸಿ, ತಪ್ಪು ಹುಡುಗರದು ಮಾತ್ರವಲ್ಲ, ಸಂಸ್ಥೆಯದೂ ಇದೆಯೆಂದು ಅಭಿಪ್ರಾಯಪಟ್ಟಿತು. ಹೊರಹೋದವರಲ್ಲಿ 90ಕ್ಕೂ ಹೆಚ್ಚು ಮಂದಿಯನ್ನು ಆಮೇಲೆ ಮರಳಿ ಸೇರಿಸಿಕೊಂಡರು.

ಆ ರಾತ್ರಿಯ ಟ್ಯಾಕಿಗೆ ಎಂ. ಎ. ಪದವಿಯು ಉತ್ತರವನ್ನು ಹೇಳಿಕೊಡಲಾರದು. ಸಲಹೆ ಕೊಡುವ ವಿದ್ಯೆಯನ್ನು ಓದಿದವನು ಹುಡುಗನು ಬಾಯಿತೆರೆಯುವುದಕ್ಕೆ ಮುಂಚೆಯೇ, “ನೋಡು, ತಮ್ಮಾ, ನೀನು ಹೇಳುವುದನ್ನು ಕೇಳಿದ ಮೇಲೆ ನಾನು ಸುಮ್ಮನಿರಲಾರದೆ ಹೋಗಬಹುದು, ಅದನ್ನು ತಿಳಿದು ಹೇಳು” ಎಂದು ಎಚ್ಚರಿಸಬಲ್ಲನು. ಇಷ್ಟು ಮಾತ್ರಕ್ಕೆ ಒಂದು ವರ್ಷದ ವ್ಯಾಸಂಗವು ಬೇಕೆ ಎಂದು ನಗುವವರುಂಟು. ತಮ್ಮ ಮಕ್ಕಳೊಡನೆ ಒಮ್ಮೆಯಾದರೂ “ಹೇಳು, ನಾನು ಬಯ್ಯುವುದಿಲ್ಲ” ಎಂದು ಪುಸಲಾಯಿಸಿ, ಹೇಳಿದೊಡನೆ ಬೆತ್ತ ತೆಗೆದವರು ನಗಲಾರರು.

ನಮಗೆ ಒಪ್ಪಿಗೆಯಾಗದ ಅಂಶವೂ ಒಂದಿದೆ. ವಿದ್ಯಾರ್ಥಿಯು ಇರುವುದು ನಾಲ್ಕು ವರ್ಷ, ಟ್ಯಾಕ್ ಇರುವುದು ಎರಡೇ ವರ್ಷ. ಹುಡುಗನ ಹಟ, ಅವನ ಮೌನ, ಮನೆಯಿಂದ ಕಾಗದ ಬಂದಾಗ ಅವನ ಮುಖದ ಬಣ್ಣ ಇವೆಲ್ಲ ಅರ್ಥವಾಗುವ ಹೊತ್ತಿಗೆ ಅಣ್ಣನಿಗೆ ವರ್ಗದ ಹುಕುಮು ಬರುತ್ತದೆ. ಸೈನ್ಯಕ್ಕೆ ಒಳ್ಳೆಯ ಅಧಿಕಾರಿಗಳು ಬೇರೆಡೆಯೂ ಬೇಕೆಂಬುದು ನಿಜ. ಆದರೂ ಒಂದೇ ಊರಿನಲ್ಲಿ ಮೂವತ್ತು ವರ್ಷ ಇದ್ದು ತಂದೆ ಮಗ ಇಬ್ಬರ ಕಿವಿಯನ್ನೂ ಹಿಂಡಿದ ಹಳೆಯ ಉಪಾಧ್ಯಾಯರನ್ನು ಬಲ್ಲ ನಮಗೆ ಇದು ಅರೆಕೆಲಸವೆಂದೇ ತೋರುವುದು. ನಮ್ಮಲ್ಲಿಯೂ ವಿಜಾಪುರದ ಸೈನಿಕಶಾಲೆಗೂ ಅಲ್ಲಿಂದ ಮುಂದೆ ಖಡಕ್ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೂ ಮಕ್ಕಳನ್ನು ಕಳುಹಿಸುವವರು ಉಂಟಷ್ಟೆ. 2022ರಿಂದ ಆ ಅಕಾಡೆಮಿಯಲ್ಲಿ ಹೆಣ್ಣುಮಕ್ಕಳೂ ಓದುತ್ತಿದ್ದಾರೆ. ಕಳುಹಿಸುವವರು ಕಟ್ಟಡವನ್ನೂ ಮೈದಾನವನ್ನೂ ನೋಡಿ ಸಂತೋಷಪಟ್ಟು ಬರುವರು. ಮಗುವಿನ ವಸತಿಗೃಹದ ಹೊಣೆ ಯಾರದೆಂದು ಕೇಳಿ ಬರುವವರು ಕಡಮೆ.

ಇನ್ನು ಐಸೆನ್‌ಹೋವರರ ಹೆಸರೇಕೆ ಎಂಬುದನ್ನು ಹೇಳಬೇಕು. 1946ರ ಜನವರಿಯಲ್ಲಿ, ಆ ದೇಶದ ಸೈನ್ಯದ ಮುಖ್ಯಸ್ಥರಾಗಿದ್ದ ಅವರು ವೆಸ್ಟ್ ಪಾಯಿಂಟಿನ ಆಗಿನ ಮುಖ್ಯಾಧಿಕಾರಿ ಮ್ಯಾಕ್ಸ್‌ವೆಲ್ ಟೇಲರರಿಗೆ ಒಂದು ಕಾಗದ ಬರೆದರು. ಅಧಿಕಾರಿಗಳಾಗುವವರಿಗೆ ವ್ಯಾವಹಾರಿಕ ಮನಶ್ಶಾಸ್ತ್ರವನ್ನು ಕಲಿಸಬೇಕೆಂಬುದು ಅದರ ಸೂಚನೆ. ಅದೇ ವರ್ಷ ಅಲ್ಲಿ ಸೈನಿಕ ಮನಶ್ಶಾಸ್ತ್ರ ಮತ್ತು ನಾಯಕತ್ವದ ವಿಭಾಗವು ಏರ್ಪಟ್ಟಿತು. 1948ರಲ್ಲಿ ಅವರು ಕೊಲಂಬಿಯಾ ವಿಶ್ವವಿದ್ಯಾನಿಲಯದ ಅಧ್ಯಕ್ಷರೂ ಆದರು. ಎರಡು ಸಂಸ್ಥೆಗಳಿಗೂ ಹೀಗೆ ಅವರೇ ನಂಟು.

ಆದರೆ ಆ ಕಾಗದದ ಹಿಂದೆ ಇನ್ನೊಂದು ಹಳೆಯ ಸಾಲವಿದ್ದಿತೆಂದು ನಾವು ನಂಬುವೆವು. ತಾವು 1915ರಲ್ಲಿ ವೆಸ್ಟ್ ಪಾಯಿಂಟಿನಿಂದ ಹೊರಬಿದ್ದಾಗ ಐಸೆನ್‌ಹೋವರರು ನಡತೆಯಲ್ಲಿ ಹೆಸರು ಪಡೆದವರಲ್ಲ. ಯುದ್ಧಚರಿತ್ರೆಯನ್ನು ಬಾಯಿಪಾಠ ಮಾಡಿಸಿದ್ದರಿಂದ ಚರಿತ್ರೆಯೆಂದರೆ ಅವರಿಗೆ ಬೇಸರ. 1921ರ ಆರಂಭದಲ್ಲಿ ಮೂರು ವರ್ಷದ ಚೊಚ್ಚಲ ಮಗನು ಜ್ವರದಿಂದ ತೀರಿಕೊಂಡನು. ಆ ದುಃಖವನ್ನು ಹೊತ್ತೇ ಮರುವರ್ಷ ಪನಾಮಾ ದೇಶಕ್ಕೆ, ಜನರಲ್ ಫಾಕ್ಸ್ ಕಾನರ್ ಎಂಬವರ ಕೈಕೆಳಗೆ ಹೋದರು. ಕಾನರರ ಮನೆಯಲ್ಲಿ ದೊಡ್ಡ ಪುಸ್ತಕಭಂಡಾರವಿದ್ದಿತು. ಅವರು ಈ ಬೇಸತ್ತ ಮೇಜರನಿಗೆ ಮೊದಲು ಯುದ್ಧಶಾಸ್ತ್ರವನ್ನು ಕೊಡಲಿಲ್ಲ. ಐತಿಹಾಸಿಕ ಕಾದಂಬರಿಗಳನ್ನು ಕೊಟ್ಟರು. ಅವು ರುಚಿಸಿದ ಮೇಲೆ, ಅದೇ ಕಾಲದ ನಿಜವಾದ ಚರಿತ್ರೆಯನ್ನು ಕೊಟ್ಟರು. ಆಮೇಲೆ ಜರ್ಮನಿಯ ಕ್ಲಾಸೆವಿಟ್ಸನ ಯುದ್ಧಗ್ರಂಥವನ್ನು ಒಂದಲ್ಲ, ಮೂರು ಬಾರಿ ಓದಿಸಿದರು. ಕಾಡಿನ ದಾರಿಯಲ್ಲಿ ಕುದುರೆಯ ಮೇಲೆ ಜೊತೆಯಾಗಿ ಹೋಗುವಾಗ, ರಾತ್ರಿ ಬೆಂಕಿಯ ಮುಂದೆ ಕುಳಿತಾಗ, ಆ ಸೇನಾಪತಿಯು ಹಾಗೇಕೆ ಮಾಡಿದನು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಪ್ರಶ್ನೆಗಳು ಬೀಳುತ್ತಿದ್ದುವು. ಆ ವರ್ಷಗಳೇ ತಮಗೆ ಸ್ನಾತಕೋತ್ತರ ವಿದ್ಯಾಲಯವಾದುವೆಂದು ಶಿಷ್ಯರು ಮುಪ್ಪಿನಲ್ಲಿ ಬರೆದುಕೊಂಡರು. 1926ರಲ್ಲಿ ಲೆವನ್‌ವರ್ತಿನ ಸೈನ್ಯಶಾಲೆಯ ಪರೀಕ್ಷೆಯಲ್ಲಿ ತಮ್ಮ ತರಗತಿಗೆ ಮೊದಲನೆಯವರಾಗಿ ತೇರ್ಗಡೆಯಾದವರು ಅವರೇ.